ತುಂಬಿದ ಡಬ್ಬಿ, ಖಾಲಿ ಡಬ್ಬಿ

ಮೂವತ್ತು ಚಿಲ್ಲರೆ ವರ್ಷ ನಾನು ಮಾಡಿದ ಕೆಲಸ ಒಡೆಯುವುದು. ಯಾರಾದರೂ ಕೇಳಿದರೆ ಹೀಗೇ ಹೇಳುತ್ತೇನೆ. "ಪ್ಲಾಸ್ಟಿಕ್ ಫ್ಯಾಕ್ಟರಿಯ ಪರೀಕ್ಷಾ ವಿಭಾಗದಲ್ಲಿದ್ದೆ" ಎಂದರೆ ಜನ ತಲೆಯಾಡಿಸಿ ಸುಮ್ಮನಾಗುತ್ತಾರೆ. "ಒಡೀತಿದ್ದೆ" ಎಂದರೆ ಕುರ್ಚಿ ಹತ್ತಿರ ಎಳೆದುಕೊಂಡು ಕೂರುತ್ತಾರೆ. ಸುಳ್ಳೂ ಅಲ್ಲ. ಬಕೆಟ್ಟು, ಸ್ವಿಚ್ಚಿನ ಪೆಟ್ಟಿಗೆ, ಬ್ಯಾಟರಿಯ ಕವಚ, ಸ್ಕೂಟರಿನ ದೀಪದ ಮುಚ್ಚಳ, ಕೊನೆಗೆ ಸೈನಿಕರ ರೈಫಲ್ಲಿಗೆ ಗುಂಡು ತುಂಬುವ ಮ್ಯಾಗಝಿನ್ನು, ಇವೆಲ್ಲವನ್ನೂ ಸಂಬಳ ತೆಗೆದುಕೊಂಡು ಒಡೆದಿದ್ದೇನೆ.

ಈಚೆಗೆ ರಾಮಕೃಷ್ಣನಗರದ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಪಾಲಿಮರ್ ಡಿಪ್ಲೊಮಾ ಮುಗಿಸಿ ಇಂಥದೇ ಪರೀಕ್ಷಾ ವಿಭಾಗಕ್ಕೆ ಸೇರುವವರು. "ಆಂಟಿ, ಸೇರೋಕ್ ಮುಂಚೆ ಏನೇನು ಓದ್ಕೋಬೇಕು?" ಎಂದು ನೋಟ್‌ಬುಕ್ಕು ತೆಗೆದರು. ಓದುವುದು ನಿಮಗೆ ಗೊತ್ತಿರುತ್ತೆ, ನಾನು ಎಡವಿದ್ದನ್ನು ಬರೆದುಕೊಡುತ್ತೇನೆ ಎಂದೆ. ಬಡ್ತಿ ಸಿಕ್ಕಿದ ಕತೆ ಇದರಲ್ಲಿಲ್ಲ. ಬಡ್ತಿ ಸಿಕ್ಕಿದಾಗ ಹಂಚಿದ ಮೈಸೂರುಪಾಕು ಬಿಟ್ಟರೆ ನನಗೂ ಅದರಲ್ಲಿ ಹೆಚ್ಚೇನೂ ನೆನಪಿಲ್ಲ.

ನಾನು ಸೇರಿದಾಗ ಪರೀಕ್ಷಾ ವಿಭಾಗವೆಂದರೆ ಒಂದು ಕೋಣೆ, ಎರಡು ಮೇಜು, ಶಾಮಣ್ಣನವರು. ಅವರೇ ನನ್ನ ಮೊದಲ ಮೇಲಧಿಕಾರಿ. ಯಂತ್ರಕ್ಕಿಂತ ತಮ್ಮ ಮೂಗನ್ನು ಹೆಚ್ಚು ನಂಬಿದವರು. ಯಾವ ಪ್ಲಾಸ್ಟಿಕ್ ಕೊಟ್ಟರೂ ಚೂರು ಮುರಿದು, ಕಡ್ಡಿ ಗೀರಿ ಸುಟ್ಟು, ಮೂಗಿಗೆ ಹಿಡಿದು "ಸುಟ್ಟ ಕೂದಲಿನ ವಾಸನೆ, ಇದು ನೈಲಾನು" ಎಂದು ತೀರ್ಪು ಕೊಡುತ್ತಿದ್ದರು. ಹೀಗೆ ಮೂಸಬಾರದು ಎಂದು ಈಗಿನ ಪುಸ್ತಕಗಳು ಹೇಳುತ್ತವೆ, ಸರಿಯಾಗೇ ಹೇಳುತ್ತವೆ. ಆದರೆ ಅವರ ತೀರ್ಪು ತಪ್ಪಿದ್ದನ್ನು ನಾನಂತೂ ನೋಡಲಿಲ್ಲ.

ನನ್ನ ಮೊದಲ ಎಡವಟ್ಟು ಅವರ ಕಣ್ಣೆದುರೇ ಆಯಿತು. ಹೊಸ ಬಕೆಟ್ಟೊಂದು ಮಾರುಕಟ್ಟೆಗೆ ಹೋಗುವುದಿತ್ತು. ನಾನು ಅದಕ್ಕೆ ಕಂಠಮಟ್ಟ ನೀರು ತುಂಬಿ, ಕೊಕ್ಕೆಗೆ ನೇತುಹಾಕಿ, ವಾರಗಟ್ಟಲೆ ನೋಡಿ ಪಾಸು ಮಾಡಿದೆ. ಮೂರನೇ ತಿಂಗಳಿಗೆ ಅಂಗಡಿಗಳಿಂದ ಹಿಡಿ ಕಿತ್ತ ಬಕೆಟ್ಟುಗಳು ವಾಪಸು ಬಂದವು. ಶಾಮಣ್ಣನವರು ಬೈಯಲಿಲ್ಲ. "ನಿಮ್ಮನೇಲಿ ಬಕೆಟ್ಟಿಗೆ ಏನಮ್ಮ ತುಂಬ್ತೀರಿ?" ಎಂದರು. ಸ್ನಾನಕ್ಕೆ ಹಂಡೆಯಿಂದ ಬಿಸಿನೀರು ಎಂದೆ. "ಮತ್ತೆ ಇಲ್ಲಿ ಯಾಕೆ ತಣ್ಣೀರಲ್ಲಿ ಜಪ ಮಾಡ್ತಿದ್ದೀಯ?" ಎಂದರು. ಬಕೆಟ್ಟು ಹೊತ್ತು ತಂದವರೆಲ್ಲ ನಕ್ಕರು, ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಸ್ವಲ್ಪ ಅತ್ತೆ.

ಆಮೇಲಿನ ವರ್ಷಗಳಲ್ಲಿ ಕೋಣೆ ದೊಡ್ಡದಾಯಿತು. ಎಳೆದು ನೋಡುವ ಯಂತ್ರ, ಬಿಸಿ ಪೆಟ್ಟಿಗೆ, ಹಿಮದ ಪೆಟ್ಟಿಗೆ, ಕೃತಕ ಬಿಸಿಲಿನ ದೀಪ, ಕಂಪ್ಯೂಟರು ಬಂದವು. ಶಾಮಣ್ಣನವರು ನಿವೃತ್ತರಾಗಿ ಕೋಣೆ ನನ್ನ ಕೈಗೆ ಬಂತು. ನಾನು ಕೆಲಸ ಬಲ್ಲವಳು ಎಂಬ ಹಮ್ಮು ಆ ಹೊತ್ತಿಗೆ ನನಗೆ ಚೆನ್ನಾಗಿಯೇ ಬಂದಿತ್ತು. ಸಂಕೋಚ ಯಾಕೆ, ಬಲ್ಲವಳೇ ಆಗಿದ್ದೆ.

ನನ್ನ ನಿವೃತ್ತಿಗೆ ನಾಲ್ಕು ವರ್ಷವಿದ್ದಾಗ ಸೇನೆಯ ಕೆಲಸ ನಮ್ಮ ಫ್ಯಾಕ್ಟರಿಗೆ ಬಂತು. ಮ್ಯಾಗಝಿನ್ ಎಂದರೆ ರೈಫಲ್ಲಿನ ಹೊಟ್ಟೆಗೆ ಸಿಕ್ಕಿಸುವ ಉದ್ದನೆಯ, ತುಸು ಬಾಗಿದ ಡಬ್ಬಿ. ಒಳಗೆ ಒಂದು ಸ್ಪ್ರಿಂಗು. ಅದು ಗುಂಡುಗಳನ್ನು ಒಂದರ ಮೇಲೊಂದು ಮೇಲಕ್ಕೆ ತಳ್ಳುತ್ತಿರುತ್ತದೆ. ಡಬ್ಬಿಯ ಬಾಯಿಯಲ್ಲಿ ಎರಡು ಅಂಚುಗಳು ಒಳಕ್ಕೆ ಬಾಗಿ ಮೇಲಿನ ಗುಂಡನ್ನು ಹಾರಿಹೋಗದಂತೆ ಹಿಡಿದಿರುತ್ತವೆ. ಆ ಅಂಚುಗಳಿಗೆ ನಮ್ಮ ಫ್ಯಾಕ್ಟರಿಯಲ್ಲಿ ತುಟಿ ಎನ್ನುತ್ತಿದ್ದರು. ತುಟಿ ಸೀಳಿದರೆ ಮುಗಿಯಿತು, ಗುಂಡು ನೆಟ್ಟಗೆ ನಿಲ್ಲುವುದಿಲ್ಲ, ರೈಫಲ್ಲು ಕೈಕೊಡುತ್ತದೆ. ಕೈಕೊಡುವ ಹೊತ್ತಿಗೆ ಎದುರಿಗೆ ಯಾರಿರುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ.

ಹಳೆಯ ಡಬ್ಬಿಗಳು ಲೋಹದವು. ನೆಗ್ಗಿದರೆ ನೆಗ್ಗಿದ್ದೇ, ತುಕ್ಕು ಬೇರೆ. ನಮಗೆ ಹೇಳಿದ್ದು ಪ್ಲಾಸ್ಟಿಕ್ಕಿನದು ಮಾಡಿ, ಅದೂ ಒಳಗಿನದು ಮಸುಕಾಗಿ ಕಾಣುವಂಥದ್ದು. ನೈಲಾನ್ ಜಾತಿಯದೇ ಒಂದು ಪ್ಲಾಸ್ಟಿಕ್, ಹೊಗೆ ಹಿಡಿದ ಗಾಜಿನ ಬಣ್ಣ. ಬೆಳಕಿಗೆ ಹಿಡಿದರೆ ಎಷ್ಟು ಗುಂಡು ಉಳಿದಿದೆ ಎಂದು ಸೈನಿಕನಿಗೆ ತಿಳಿಯುತ್ತದೆ. ನೋಡಲು ಚೆಂದವಿತ್ತು. ನಮ್ಮ ವಿಭಾಗದ ಹೆಣ್ಣುಮಕ್ಕಳು ಅದಕ್ಕೆ ಅವಲಕ್ಕಿ ಡಬ್ಬಿ ಎಂದು ಹೆಸರಿಟ್ಟರು.

ಪರೀಕ್ಷೆ ನೋಡಲು ಸೇನೆಯ ಕಡೆಯಿಂದ ಒಬ್ಬರು ಬರುತ್ತಿದ್ದರು. ಕೊಡಗಿನವರು, ದಪ್ಪ ಮೀಸೆ, ಮಾತು ಕಡಿಮೆ. ಎಲ್ಲರೂ ಸುಬೇದಾರ್ ಸಾಹೇಬರು ಎಂದೇ ಕರೆಯುತ್ತಿದ್ದೆವು. ಮೊದಲ ದಿನವೇ ಅವರಿಂದ ನನಗೆ ಏಟು ಬಿತ್ತು. ತುಂಬಿದ ಡಬ್ಬಿಯನ್ನು ಹಿಮದ ಪೆಟ್ಟಿಗೆಯಲ್ಲಿ ದಿನವಿಡೀ ಇಟ್ಟು, ತೆಗೆದು, ಭುಜದೆತ್ತರದಿಂದ ಕಾಂಕ್ರೀಟಿನ ಮೇಲೆ ಬೀಳಿಸಬೇಕು. ಪೆಟ್ಟಿಗೆ ಕೋಣೆಯಲ್ಲಿತ್ತು, ಕಾಂಕ್ರೀಟಿನ ಕಟ್ಟೆ ಅಂಗಳದಲ್ಲಿ. ನಾನು ಡಬ್ಬಿ ಹಿಡಿದು, ದಾರಿಯಲ್ಲಿ ಇಬ್ಬರನ್ನು ಮಾತಾಡಿಸಿ, ಅಂಗಳಕ್ಕೆ ಬಂದು ಬೀಳಿಸಿದೆ. ಒಂದೂ ಒಡೆಯಲಿಲ್ಲ. ನಾನು ಹೆಮ್ಮೆಯಿಂದ ಅವರತ್ತ ನೋಡಿದೆ. ಅವರು ಡಬ್ಬಿಯನ್ನು ಎತ್ತಿ ತಮ್ಮ ಕೆನ್ನೆಗೆ ಒತ್ತಿಕೊಂಡರು.

"ಮೇಡಂ, ಇದು ಬೆಚ್ಚಗಿದೆ," ಎಂದರು. "ಸಿಯಾಚಿನ್ನಲ್ಲಿ ಡಬ್ಬಿ ಕೈ ಜಾರಿದ್ರೆ, ನೀವು ಕಾಫಿ ಕುಡಿದು ಬರೋವರೆಗೂ ನೆಲ ಕಾಯಲ್ಲ."

ಮರುದಿನ ಕಾಂಕ್ರೀಟಿನ ಚಪ್ಪಡಿಯೊಂದನ್ನು ಹಿಮದ ಪೆಟ್ಟಿಗೆಯ ಬುಡಕ್ಕೇ ತರಿಸಿ ಹಾಕಿಸಿದೆ. ಬಾಗಿಲು ತೆಗೆದ ಕೂಡಲೇ ಬೀಳಿಸಿದರೆ ಮೊದಲ ಸರದಿಯಲ್ಲೇ ಎರಡು ಡಬ್ಬಿಗಳ ಬುಡ ಹಾರಿಹೋಯಿತು. ಪ್ಲಾಸ್ಟಿಕ್ ಕರಗಿಸಿ ಡಬ್ಬಿ ಎರೆಯುವ ಅಚ್ಚಿನವರು ಬುಡ ದಪ್ಪ ಮಾಡಿದರು, ಮತ್ತೆ ಬೀಳಿಸಿದೆವು, ನಿಂತಿತು. ಸುಬೇದಾರ್ ಸಾಹೇಬರು ಅಂದಿನಿಂದ ನನ್ನ ಕೈಯ ಕಾಫಿ ಕುಡಿಯತೊಡಗಿದರು. ಬಿಡುವಿದ್ದಾಗ ಗಡಿಯಲ್ಲಿ ಹುಡುಗರು ಡಬ್ಬಿಯನ್ನು ಹೇಗೆಲ್ಲ ಗೋಳುಹುಯ್ದುಕೊಳ್ಳುತ್ತಾರೆ ಎಂದು ಹೇಳುತ್ತಿದ್ದರು. ಸೋಡಾ ಬಾಟಲಿ ತೆಗೆಯುತ್ತಾರೆ, ಗೂಟ ಹೊಡೆಯುತ್ತಾರೆ, ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲೇ ಹಿಡಿಯುತ್ತಾರೆ, ಸಿಕ್ಕಿದ್ದರಲ್ಲಿ ಒರೆಸುತ್ತಾರೆ. ಆ ಕೊನೆಯ ಮಾತನ್ನು ನಾನು ಕೇಳಿಸಿಕೊಂಡೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಪ್ಲಾಸ್ಟಿಕ್ಕಿಗೆ ದ್ರವಗಳು ತಗುಲಿದರೆ ಏನಾಗುತ್ತದೆ ಎಂದು ನೋಡುವ ಪರೀಕ್ಷೆಯನ್ನು ನಾನೇ ಜೋಡಿಸಿದೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಗಳಂತೆ ಗಾಜಿನ ಜಾಡಿಗಳ ಸಾಲು. ಬಂದೂಕಿನ ಎಣ್ಣೆ, ಡೀಸೆಲ್ಲು, ಸೀಮೆಎಣ್ಣೆ, ಉಪ್ಪುನೀರು, ಸೋಪಿನ ನೀರು, ಸೊಳ್ಳೆ ಮುಲಾಮು, ಸ್ಪಿರಿಟ್ಟು. ಪ್ರತಿಯೊಂದರಲ್ಲೂ ಖಾಲಿ ಡಬ್ಬಿ ಮುಳುಗಿಸಿ, ನಿಯಮದಷ್ಟು ದಿನ ಇಟ್ಟು, ತೆಗೆದು, ತೂಗಿ, ಅಳೆದು, ಬೆಳಕಿಗೆ ಹಿಡಿದು ನೋಡಿದೆ. ಒಂದಕ್ಕೂ ಏನೂ ಆಗಿರಲಿಲ್ಲ. ಬಾಗಿಲ ಪಕ್ಕದ ಇನ್ನೊಂದು ಮೇಜಿನ ಮೇಲೆ ಬೇರೆ ಪರೀಕ್ಷೆ ನಡೆದಿತ್ತು. ಎಂಟು ಡಬ್ಬಿಗಳಿಗೆ ಮದ್ದಿಲ್ಲದ ಸುಳ್ಳು ಗುಂಡುಗಳನ್ನು ಪೂರ್ತಿ ತುಂಬಿ, ತಿಂಗಳುಗಟ್ಟಲೆ ಹಾಗೇ ನಿಲ್ಲಿಸಿದ್ದೆ, ಸ್ಪ್ರಿಂಗಿನ ಒತ್ತಡ ತುಟಿ ತಡೆಯುತ್ತದೆಯೇ ಎಂದು ನೋಡಲು. ಅವೂ ಜಪ್ಪಯ್ಯ ಎಂದಿರಲಿಲ್ಲ. ಎರಡೂ ಮೇಜು ಪಾಸು. ಮೊದಲ ಕಂತಿನ ಡಬ್ಬಿಗಳು ರಟ್ಟಿನ ಪೆಟ್ಟಿಗೆ ಸೇರಿದವು, ದಸರಾ ಮುಗಿದ ಮೇಲೆ ಲಾರಿಗೆ ಹೋಗಬೇಕು. ಪ್ರಮಾಣಪತ್ರದ ಮೇಲೆ ಸುಜಾತ ಎಂದು ಬಾಲ ಎಳೆದು ಸಹಿ ಹಾಕಿದೆ.

ನಮ್ಮಲ್ಲಿ ಆಯುಧಪೂಜೆ ಹಬ್ಬದ ಹಿಂದಿನ ದಿನವೇ ಆಗುತ್ತಿತ್ತು, ಹಬ್ಬಕ್ಕೆ ರಜ ಇರುತ್ತಿದ್ದುದರಿಂದ. ನಮ್ಮದು ಬುದ್ಧನನ್ನು ನಂಬಿದ ಮನೆ, ಪೂಜೆ ಪುನಸ್ಕಾರ ಕಡಿಮೆ. ಆದರೂ ಆ ದಿನ ನನಗೆ ಬಲು ಇಷ್ಟ. ಯಂತ್ರಗಳಿಗೆಲ್ಲ ಬಾಳೆಕಂದು, ಸೇವಂತಿಗೆ ಹಾರ, ನೆಲಕ್ಕೆ ರಂಗೋಲಿ, ಕೈಗೆ ಕಡ್ಲೆಪುರಿ ಪೊಟ್ಟಣ. ನಮ್ಮ ವಿಭಾಗ ಶುಚಿ ಮಾಡುತ್ತಿದ್ದವಳು ನಿಂಗಮ್ಮ. ತಿ. ನರಸೀಪುರದ ಕಡೆಯಿಂದ ಬಂದು ಗುತ್ತಿಗೆಯ ಮೇಲೆ ಕೆಲಸಕ್ಕಿದ್ದವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳು ಒರೆಸಿದ ಮೇಜಿನ ಮೇಲೆ ಅನ್ನ ಇಟ್ಟು ತಿನ್ನಬಹುದಿತ್ತು. ಅಂದು ಬೆಳಿಗ್ಗೆ ಅವಳೇ ಎಲ್ಲ ಸಾಮಾನುಗಳಿಗೂ ಅರಿಶಿನ ಕುಂಕುಮ ಇಟ್ಟಿದ್ದಳು, ತುಂಬಿ ನಿಲ್ಲಿಸಿದ್ದ ಆ ಎಂಟು ಡಬ್ಬಿಗಳ ತುಟಿಗೂ ಒಂದೊಂದು ಬೊಟ್ಟು.

ಪೂಜಾರಿ ಮಂಗಳಾರತಿ ಎತ್ತಿದ್ದರು. ನಮ್ಮ ಕ್ವಾಲಿಟಿ ಮ್ಯಾನೇಜರ್ ಗುರುಸಿದ್ದಪ್ಪನವರು, ಹಣೆಯ ತುಂಬ ವಿಭೂತಿ, ಬೂದುಗುಂಬಳಕಾಯಿ ಹಿಡಿದು ನಿಂತಿದ್ದರು. ಆಗ ಬಾಗಿಲ ಪಕ್ಕದ ಮೇಜಿನಿಂದ ಟಕ್ ಎಂದಿತು. ಒಂದು ಸುಳ್ಳು ಗುಂಡು ಹಾರಿ ಹೂವಿನ ತಟ್ಟೆಗೆ ಬಿತ್ತು. ಎಲ್ಲರೂ ಪಟಾಕಿ ಎಂದುಕೊಂಡರು. ಮತ್ತೊಮ್ಮೆ ಟಕ್. ಈ ಸಲ ಮೂರು ಗುಂಡು ಒಟ್ಟಿಗೆ ಹಾರಿದವು, ಒಂದು ಗುರುಸಿದ್ದಪ್ಪನವರ ಕಾಲ ಮೇಲೆ. ನಾನು ಓಡಿಹೋಗಿ ನೋಡಿದೆ. ಎಂಟರಲ್ಲಿ ಐದು ಡಬ್ಬಿಗಳ ತುಟಿ ಸೀಳಿತ್ತು, ಉಳಿದವುಗಳ ಮೇಲೆ ಕೂದಲೆಳೆಯಂಥ ಬಿರುಕು ಓಡುತ್ತಿತ್ತು. ನನ್ನ ಕಣ್ಣೆದುರೇ ಒಂದು ಬಿರುಕು ಕುಂಕುಮದ ಬೊಟ್ಟನ್ನು ದಾಟಿ ಮುಂದೆ ಹೋಯಿತು. 

"ಯಾರ್ರೀ ಮುಟ್ಟಿದ್ದು ಇದನ್ನ?" ಎಂದು ಗುರುಸಿದ್ದಪ್ಪನವರು ಗುಡುಗಿದರು.

ನಿಂಗಮ್ಮ ಮುಂದೆ ಬಂದಳು. ಅವಳಿಗೆ ಅಡಗಿ ನಿಲ್ಲುವುದು ಗೊತ್ತಿರಲಿಲ್ಲ. "ನಾನೇ ಸಾ. ಮೇಗೆಲ್ಲ ಎಣ್ಣೆ ಜಿಡ್ಡಿತ್ತು. ಅರಿಸ್ಣ ಕೂರಾಕಿಲ್ಲ ಅಂದ್ಬುಟ್ಟು ಒರೆಸ್ದೆ."

"ಯಾತರಲ್ಲಿ?"

"ಅದೇ ಸಾ, ಕೊರೋನದಾಗೆ ಕೈಗಾಕ್ಕೊತಿದ್ವಲ್ಲ, ಕ್ಯಾನ್ನಾಗಿತ್ತು."

ಮೂಲೆಯಲ್ಲಿ ಸ್ಯಾನಿಟೈಸರಿನ ಹಳೆಯ ಕ್ಯಾನು ಇತ್ತು. ಕಾಯಿಲೆಯ ಕಾಲದಲ್ಲಿ ತರಿಸಿದ್ದು, ಮುಗಿಯದೆ ಉಳಿದಿತ್ತು. ಗುರುಸಿದ್ದಪ್ಪನವರ ಮುಖ ಸಡಿಲವಾಯಿತು. "ಸರಿ ಹೋಯ್ತು. ಯಾರಾದ್ರೂ ಟೆಸ್ಟ್ ಪೀಸ್‌ಗೆ ಸ್ಯಾನಿಟೈಸರ್ ಹಾಕಿ ಉಜ್ತಾರೇನ್ರೀ? ಇದು ಡಬ್ಬಿ ತಪ್ಪಲ್ಲ, ಈ ಯಮ್ಮನ ತಪ್ಪು. ಹಬ್ಬ ಕಳೀಲಿ, ಕಂಟ್ರಾಕ್ಟರ್‌ಗೆ ಹೇಳಿ ಕಳಿಸ್ತೀನಿ ಇವ್ಳನ್ನ." ಹೀಗಂದು ಹೋಗಿ ಕುಂಬಳಕಾಯಿ ಒಡೆದರು.

ಮುಚ್ಚಿಟ್ಟು ಏನು ಪ್ರಯೋಜನ, ಹೇಳಿಬಿಡುತ್ತೇನೆ. ಆ ಗಳಿಗೆ ನನಗೂ ಹಾಯೆನಿಸಿತು. ನನ್ನ ಪರೀಕ್ಷೆ ಸರಿ, ನನ್ನ ಸಹಿ ಸರಿ, ತಪ್ಪು ಬೇರೆಯವರದು ಎಂದು ಒಂದು ನಿಮಿಷ ನಿರಾಳವಾಗಿ ಉಸಿರು ಬಿಟ್ಟೆ. ನಿಂಗಮ್ಮ ನನ್ನ ಮುಖ ನೋಡುತ್ತಿದ್ದಳು. ಆ ನೋಟಕ್ಕೆ ನನಗೆ ನಾಚಿಕೆಯಾಯಿತು, ಮತ್ತು ಅದರ ಹಿಂದೆಯೇ ತಲೆ ಕೆಲಸ ಮಾಡತೊಡಗಿತು. ಸ್ಯಾನಿಟೈಸರ್ ಎಂದರೆ ಮುಕ್ಕಾಲುಪಾಲು ಸ್ಪಿರಿಟ್ಟೇ. ನನ್ನ ಜಾಡಿಯಲ್ಲಿ ಡಬ್ಬಿ ಸ್ಪಿರಿಟ್ಟಿನಲ್ಲಿ ಪೂರಾ ಮುಳುಗಿ ದಿನಗಟ್ಟಲೆ ಇತ್ತಲ್ಲ, ಅದಕ್ಕೆ ಏನೂ ಆಗಲಿಲ್ಲವಲ್ಲ. ಒಂದು ಬಟ್ಟೆಯಲ್ಲಿ ಒರೆಸಿದ್ದಕ್ಕೆ ಇದು ಸೀಳಿದ್ದು ಹೇಗೆ?

ಎಲ್ಲರೂ ಕಡ್ಲೆಪುರಿ ತೆಗೆದುಕೊಂಡು ಮಧ್ಯಾಹ್ನಕ್ಕೇ ಮನೆಗೆ ಹೊರಟರು. ನಾನು ನಿಂಗಮ್ಮನನ್ನು ಉಳಿಸಿಕೊಂಡೆ. ರಟ್ಟಿನ ಪೆಟ್ಟಿಗೆಯಿಂದ ಹೊಸ ಡಬ್ಬಿಗಳನ್ನು ತೆಗೆಸಿದೆ. ನಾಲ್ಕನ್ನು ಖಾಲಿ ಬಿಟ್ಟು, ನಾಲ್ಕಕ್ಕೆ ಸುಳ್ಳು ಗುಂಡು ತುಂಬಿದೆ. ಎರಡೂ ಗುಂಪಿನ ಅರ್ಧಕ್ಕೆ ಸ್ಯಾನಿಟೈಸರ್ ಒರೆಸು, ಅರ್ಧಕ್ಕೆ ಬರೀ ನೀರು ಎಂದೆ.

"ಮತ್ತೆ ಒರೆಸಾದ? ಬ್ಯಾಡ ಕಣಕ್ಕ, ಈಗ್ಲೇ ಮನೆಗೆ ಕಳಿಸ್ತಾವ್ರೆ," ಎಂದಳು.

"ಬೆಳಿಗ್ಗೆ ಹೆಂಗೆ ಒರೆಸಿದ್ಯೋ ಹಂಗೇ ಒರೆಸು. ಕೈ ತಡೀಬೇಡ."

ಅವಳು ಸೆರಗು ಸಿಕ್ಕಿಸಿಕೊಂಡು ಒರೆಸಿದಳು. ಇಬ್ಬರೂ ಎದುರುಬದುರು ಸ್ಟೂಲ್ ಹಾಕಿಕೊಂಡು ಕಡ್ಲೆಪುರಿ ತಿನ್ನುತ್ತ ಕೂತೆವು. ಖಾಲಿ ಡಬ್ಬಿಗಳು ಸುಮ್ಮನಿದ್ದವು. ತುಂಬಿದ್ದು, ನೀರಲ್ಲಿ ಒರೆಸಿದ್ದು ಸುಮ್ಮನಿತ್ತು. ತುಂಬಿದ್ದು, ಸ್ಯಾನಿಟೈಸರಿನಲ್ಲಿ ಒರೆಸಿದ್ದು ಪೊಟ್ಟಣ ಮುಗಿಯುವ ಮುಂಚೆ ಟಕ್ ಎಂದಿತು. ಆಮೇಲೆ ಅದರ ಜೊತೆಯದು. ಜಾಡಿಯ ಸ್ಪಿರಿಟ್ಟಿನಲ್ಲೂ ಒರೆಸಿ ನೋಡಿದೆವು, ಅದೇ ಕತೆ.

ಖಾಲಿ ಡಬ್ಬಿಯ ತುಟಿಗೆ ಯಾವ ಕಷ್ಟವೂ ಇಲ್ಲ. ತುಂಬಿದ ಡಬ್ಬಿಯ ತುಟಿಯನ್ನು ಸ್ಪ್ರಿಂಗು ಹಗಲೂ ರಾತ್ರಿ ಎಳೆಯುತ್ತಿರುತ್ತದೆ. ಎಳೆತದಲ್ಲಿರುವ ಪ್ಲಾಸ್ಟಿಕ್ಕಿಗೆ ಸ್ಪಿರಿಟ್ಟು ತಗುಲಿದರೆ ಅದು ಒಳಗೆ ಇಳಿದು ಸೀಳುತ್ತದೆ. ಇದು ನನಗೆ ಗೊತ್ತಿರದ ಸಂಗತಿಯೇನೂ ಅಲ್ಲ, ಡಿಪ್ಲೊಮಾದಲ್ಲೇ ಓದಿದ್ದೆ. ಆದರೆ ದ್ರವದ ಪರೀಕ್ಷೆ ಕಿಟಕಿಯ ಮೇಜಿನಲ್ಲಿ, ಒತ್ತಡದ ಪರೀಕ್ಷೆ ಬಾಗಿಲ ಮೇಜಿನಲ್ಲಿ. ನಡುವೆ ನಾಲ್ಕು ಹೆಜ್ಜೆ. ಆ ಎರಡನ್ನೂ ಒಂದೇ ಡಬ್ಬಿಯ ಮೇಲೆ ಸೇರಿಸಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಗಡಿಯಲ್ಲಿರುವ ಸೈನಿಕನ ಡಬ್ಬಿ ಯಾವಾಗಲೂ ತುಂಬಿದ್ದೇ, ಅವನು ಸಿಕ್ಕಿದ್ದರಲ್ಲಿ ಒರೆಸುವವನೇ. ನಿಂಗಮ್ಮ ಮಾಡಿದ್ದು ಅಷ್ಟನ್ನೇ.

"ನೀನು ತಪ್ಪು ಮಾಡಿಲ್ಲ ಕಣೆ, ತಪ್ಪು ನಂದು," ಎಂದೆ.

"ಅಂಗಾರೆ ಸಾಹೇಬ್ರಿಗೆ ಏಳ್ಬುಡಿ ಅಕ್ಕ," ಎಂದಳು. ಅವಳಿಗೆ ಅದು ಅಷ್ಟು ಸುಲಭವಾಗಿ ಕಂಡಿತು.

ನನಗೆ ಸುಲಭವಾಗಿರಲಿಲ್ಲ. ವಿಜಯದಶಮಿಯ ದಿನ ನಮ್ಮ ಯಜಮಾನರು ಹಾಲಿನಲ್ಲಿ ಟಿ.ವಿ. ಹಾಕಿಕೊಂಡು ಜಂಬೂಸವಾರಿ ನೋಡುತ್ತಿದ್ದರು, ನಾನು ಅಡುಗೆಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತಿದ್ದೆ. ಮೂರು ಸಲ ಬರೆದು ಹರಿದೆ. ಮೊದಲ ಸಲ 'ನಿಯಮದ ಪ್ರಕಾರ ಮಾಡಲಾಗಿದ್ದರೂ' ಎಂದು ಶುರುಮಾಡಿದ್ದೆ. ಎರಡನೇ ಸಲ 'ನಮ್ಮ ವಿಭಾಗದ ಗಮನಕ್ಕೆ ಬಾರದೆ' ಎಂದಿತ್ತು. ಮೂರನೆಯದರಲ್ಲಿ ಅಳು ಹೆಚ್ಚು, ಸಂಗತಿ ಕಡಿಮೆ. ನಾಲ್ಕನೆಯದು ಚಿಕ್ಕದಾಯಿತು. 'ಈ ಡಬ್ಬಿಗಳನ್ನು ನಾನು ದ್ರವಗಳಲ್ಲಿ ಖಾಲಿ ಇಟ್ಟು ಪರೀಕ್ಷಿಸಿದೆ. ತುಂಬಿ ಪರೀಕ್ಷಿಸಬೇಕಿತ್ತು. ತುಂಬಿದಾಗ ಸ್ಪಿರಿಟ್ಟು ತಗುಲಿದರೆ ಒಡೆಯುತ್ತವೆ. ನನ್ನ ಸಹಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಇದನ್ನು ಕಂಡುಹಿಡಿದವರು ನಿಂಗಮ್ಮ.'

ರಜ ಮುಗಿದ ಬೆಳಿಗ್ಗೆ ಗುರುಸಿದ್ದಪ್ಪನವರು ಅದನ್ನು ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿ ಓದಿದರು. ಅವರು ಕೆಟ್ಟವರಲ್ಲ. ಆ ಕೆಲಸ ತರಲು ಎರಡು ವರ್ಷ ಓಡಾಡಿದವರು, ಅದನ್ನು ನಂಬಿ ಅಚ್ಚಿನ ವಿಭಾಗಕ್ಕೆ ಹೊಸಬರನ್ನು ಸೇರಿಸಿಕೊಂಡವರು.

"ಅಲ್ಲ ಕಣ್ರೀ ಸುಜಾತ, ನಿಯಮದ ಪುಸ್ತಕದಲ್ಲಿ ಮುಳುಗಿಸಿ ನೋಡಿ ಅಂತಿದೆ. ಮುಳುಗಿಸಿದ್ರಿ, ಪಾಸಾಯ್ತು. ತುಂಬಿ ಮುಳುಗಿಸಿ ಅಂತ ಎಲ್ಲಿದೆ?"

"ಇಲ್ಲ ಸರ್. ಖಾಲಿ ಮುಳುಗಿಸಿ ಅಂತಾನೂ ಇಲ್ಲ. ಖಾಲಿ ಇಟ್ಟಿದ್ದು ನಾನು."

"ನಿವೃತ್ತಿ ಹತ್ರ ಬಂದಿದೆ. ಹೆಸರು ಚೆನ್ನಾಗಿದೆ. ಯಾಕ್ರೀ ಕೈಯಾರೆ ಮಸಿ ಬಳ್ಕೊತೀರಿ? ಆ ಯಮ್ಮ ಒರೆಸಿದ್ಳು, ಒಡೀತು. ಇಷ್ಟೇ ಅನ್ಕೊಳ್ಳಿ. ಲಾರಿ ಬೇರೆ ಹೇಳಿಯಾಗಿದೆ."

ನನಗೆ ಸಿಟ್ಟು ಬಂತು. ಅವರ ಮೇಲೆ ಅರ್ಧ, ಪೂಜೆಯ ದಿನ ಹಾಯೆಂದಿದ್ದ ನನ್ನ ಮೇಲೆ ಅರ್ಧ. ಮಾತು ಬೆಳೆಸಲಿಲ್ಲ. ತುಂಬಿದ ಡಬ್ಬಿಯೊಂದನ್ನು ಅವರ ಮೇಜಿನ ಮೇಲಿಟ್ಟೆ, ಸ್ಯಾನಿಟೈಸರಿನ ಸೀಸೆ, ಹತ್ತಿ ಬಟ್ಟೆ ಪಕ್ಕದಲ್ಲಿಟ್ಟೆ. "ನೀವೇ ಒರೆಸಿ ಸರ್. ಆಮೇಲೆ ಅದನ್ನ ಕೈಯಲ್ಲೇ ಹಿಡ್ಕೊಂಡಿರಿ. ಒಡೀದಿದ್ರೆ ಈ ಪತ್ರ ನಾನೇ ಹರೀತೀನಿ, ನಿಂಗಮ್ಮನ್ನ ಕಳಿಸೋ ಕಾಗದಕ್ಕೂ ಸಾಕ್ಷಿ ಹಾಕ್ತೀನಿ."

ಅವರು ಒರೆಸಿದರು. ಹಠಕ್ಕೆ ಬಿದ್ದವರಂತೆ ಹೆಬ್ಬೆರಳನ್ನು ತುಟಿಯ ಪಕ್ಕ ಒತ್ತಿ ಹಿಡಿದು ಕೂತರು.  ಹೊರಗೆ ಯಾರೋ ಬಾಡಿದ ಬಾಳೆಕಂದು ಎಳೆದುಕೊಂಡು ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಹೆಬ್ಬೆರಳ ಕೆಳಗೇ ಬಿರುಕು ಓಡಿತು. ಅವರು ಬೆಚ್ಚಿ ಕೈ ಬಿಟ್ಟರು, ಡಬ್ಬಿ ಮೇಜಿನ ಮೇಲೆ ಬಿದ್ದು ಗುಂಡುಗಳು ಕಾಗದಪತ್ರಗಳ ಮೇಲೆಲ್ಲ ಉರುಳಿದವು. ಬಹಳ ಹೊತ್ತು ತಮ್ಮ ಬೆರಳನ್ನೇ ನೋಡಿಕೊಂಡರು.

"ಇದು ಅಲ್ಲಿ ಯಾವನ್ದೋ ಕೈಯಲ್ಲಿ ಆಗಿದ್ದಿದ್ರೆ," ಎಂದು ಶುರುಮಾಡಿ ನಿಲ್ಲಿಸಿದರು. ಆಮೇಲೆ ಫೋನಿಗೆ ಕೈ ಚಾಚಿದರು. "ಸುಬೇದಾರ್‌ಗೆ ನಾನೇ ಹೇಳ್ತೀನಿ ಬಿಡಿ."

ಸುಬೇದಾರ್ ಸಾಹೇಬರು ಮರುದಿನವೇ ಬಂದರು. ಹಾರಾಡುತ್ತಾರೆ ಎಂದುಕೊಂಡಿದ್ದೆ, ಹಾರಾಡಲಿಲ್ಲ. ನನ್ನ ಪತ್ರ ಓದಿ ಮಡಿಸಿ ಜೇಬಿಗಿಟ್ಟುಕೊಂಡರು. "ನಿಂಗಮ್ಮ ಯಾರು?" ಎಂದರು. ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಹೇಗೆ ಒರೆಸಿದೆ ತೋರಿಸಮ್ಮ ಎಂದರು. ಅವಳು ತೋರಿಸಿದಳು, ತುಟಿಯ ಒಳಮೂಲೆಗೆ ಬಟ್ಟೆಯ ತುದಿ ತೂರಿಸಿ ತಿರುವುವುದನ್ನೂ ತೋರಿಸಿದಳು. ಬಿರುಕು ಹುಟ್ಟುತ್ತಿದ್ದುದು ಸರಿಯಾಗಿ ಆ ಮೂಲೆಯಲ್ಲೇ. ನಾನು ಅಲ್ಲಿಯವರೆಗೆ ಅದನ್ನು ನೋಡಿರಲಿಲ್ಲ. "ನಮ್ಮ ಹುಡುಗ್ರೂ ಹಿಂಗೇ ತಿರುವೋದು," ಎಂದರು ಸುಬೇದಾರ್ ಸಾಹೇಬರು.

ಆ ಕಂತು ಪೂರಾ ಗ್ರೈಂಡರಿಗೆ ಹೋಯಿತು. ನನ್ನ ಸಹಿ ಇದ್ದ ಪ್ರಮಾಣಪತ್ರಕ್ಕೆ ನಾನೇ ಅಡ್ಡಗೀಟು ಎಳೆದೆ. ಅದಕ್ಕೆ ಧೈರ್ಯವೇನೂ ಬೇಕಾಗಲಿಲ್ಲ, ಅಡುಗೆಕಟ್ಟೆಯ ಮುಂದೆಯೇ ಅದು ಖರ್ಚಾಗಿತ್ತು. ಅಚ್ಚಿನವರು ಒಳಮೂಲೆಯ ಚೂಪು ತೆಗೆದು ದುಂಡಗೆ ಮಾಡಿದರು. ಪ್ಲಾಸ್ಟಿಕ್ಕು ಕೊಡುವವರು ಸ್ಪಿರಿಟ್ಟಿಗೆ ಜಗ್ಗದ ಬೇರೆ ತಳಿ ಕಳಿಸಿದರು, ಅದು ತುಸು ಹಳದಿ, ಅಷ್ಟು ಚೆಂದವಿಲ್ಲ, ಆದರೂ ಗುಂಡು ಕಾಣುತ್ತದೆ. ನಾನು ಎರಡು ಮೇಜನ್ನೂ ಜೋಡಿಸಿ ಒಂದು ಮಾಡಿಸಿದೆ. ಜಾಡಿಯ ಪಟ್ಟಿ ಉದ್ದವಾಯಿತು, ಪ್ರತಿ ದ್ರವಕ್ಕೂ ಡಬ್ಬಿ ತುಂಬಿಯೇ ಪರೀಕ್ಷೆ, ಮುಳುಗಿಸುವುದರ ಜೊತೆಗೆ ಒರೆಸುವುದು. ಒರೆಸುವ ಕೈ ನಿಂಗಮ್ಮನದೇ. ನನ್ನ ವಿಭಾಗದ ಹುಡುಗಿಯರು ಒರೆಸಿದರೆ ಮದುವೆಮನೆಯಲ್ಲಿ ಗಂಧ ಹಚ್ಚಿದ ಹಾಗಿರುತ್ತಿತ್ತು, ಅವಳು ಒರೆಸಿದರೆ ಪಾತ್ರೆ ಉಜ್ಜಿದ ಹಾಗೆ.

ಹೊಸ ವರದಿಯ ನಮೂನೆಯಲ್ಲಿ ನನ್ನ ಹೆಸರಿನ ಮೇಲ್ಗಡೆ ಇನ್ನೊಂದು ಜಾಗ ಬಿಡಿಸಿದೆ, 'ಒರೆಸಿ ನೋಡಿದವರು' ಎಂದು. ಗುರುಸಿದ್ದಪ್ಪನವರು ಹುಬ್ಬೇರಿಸಿದರು. "ಕ್ಲೀನಿಂಗ್‌ನವ್ರ ಸಹಿ ಪ್ರಮಾಣಪತ್ರದಲ್ಲಾ?" ಎಂದರು. ಅದಿಲ್ಲದೆ ನನ್ನದೂ ಇಲ್ಲ ಎಂದೆ. ಅವರು ತಮ್ಮ ಹೆಬ್ಬೆರಳನ್ನೊಮ್ಮೆ ನೋಡಿಕೊಂಡು, ಆಯ್ತು ಎಂದರು. ಅವಳನ್ನು ಗುತ್ತಿಗೆಯಿಂದ ಬಿಡಿಸಿ ನಮ್ಮ ವಿಭಾಗಕ್ಕೇ ಸೇರಿಸಿಕೊಂಡದ್ದೂ ಅವರೇ. ಆ ಕೆಲಸಕ್ಕೆ ನಾನು ಒಮ್ಮೆಯೂ ನೆನಪಿಸಬೇಕಾಗಲಿಲ್ಲ.

ಹೊಸ ಕಂತು ಸಿದ್ಧವಾದ ದಿನ ಲಾರಿ ಬಾಗಿಲಿಗೆ ಬಂದು ನಿಂತಿತು. ಸುಬೇದಾರ್ ಸಾಹೇಬರು, ಗುರುಸಿದ್ದಪ್ಪನವರು, ನಾನು ಮೇಜಿನ ಸುತ್ತ ನಿಂತಿದ್ದೆವು. ತುಂಬಿ ಒರೆಸಿಟ್ಟ ಡಬ್ಬಿಗಳೆಲ್ಲ ಗಟ್ಟಿಯಾಗಿದ್ದವು. ನಿಯಮದ ಅವಧಿ ಮುಗಿದಿತ್ತು. ನನಗೆ ಅನುಮಾನವೇ ಇರಲಿಲ್ಲ, ಪೆನ್ನಿನ ಮುಚ್ಚಳ ತೆಗೆದಿದ್ದೆ. ನಿಂಗಮ್ಮ ಒಂದು ಡಬ್ಬಿ ಎತ್ತಿಕೊಂಡಳು, ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಮತ್ತೆ ತಿರುವಿ ಒರೆಸಿದಳು, ಕಿವಿಯ ಹತ್ತಿರ ಹಿಡಿದು ಆಲಿಸಿದಳು. ಎಲ್ಲರೂ ಅವಳ ಮುಖ ನೋಡಿದೆವು.

"ಇನ್ನೊಂದಿನ ನೋಡಾನ ಕಣಕ್ಕ," ಎಂದಳು.

ಗುರುಸಿದ್ದಪ್ಪನವರು ಲಾರಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮೂವತ್ತು ವರ್ಷದ ಅನುಭವದ ಮೇಲೆ ಹೇಳುತ್ತೇನೆ, ಇನ್ನೊಂದು ದಿನ ನೋಡುವ ಅಗತ್ಯವಿರಲಿಲ್ಲ. ನಾನು ಪೆನ್ನಿನ ಮುಚ್ಚಳ ಹಾಕಿದೆ. ಸುಬೇದಾರ್ ಸಾಹೇಬರು ಹೊರಗೆ ಹೋಗಿ ಡ್ರೈವರಿಗೆ, ಊಟ ಮಾಡಿ ಮಲಗಪ್ಪ, ನಾಳೆ ಹೊರಡುವೆಯಂತೆ ಎಂದರು.

ಮರುದಿನ ಬೆಳಿಗ್ಗೆ ನಿಂಗಮ್ಮ ಡಬ್ಬಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕೂತು, ನಾಲಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಬರೆದು ಮುಗಿಸಿ ಹಾಳೆಯನ್ನು ನನ್ನತ್ತ ತಳ್ಳಿದಳು. ನಾನು ಅವಳ ಹೆಸರಿನ ಕೆಳಗೆ ನನ್ನ ಸಹಿ ಹಾಕಿದೆ, ಲಾರಿ ಹೊರಟಿತು.